ಅವ್ವನ ಚಿತ್ತಾರಕ್ಕೆ ಅವ್ವನ ಹೆಸರು

ಇದು ನಮ್ಮವ್ವ ಬರೆದ ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಯಲ್ಲಿ ಮದುವೆ ಅಂದರೆ ಗೋಡೆ ಮೇಲೆ ಇದು ಇರಲೇಬೇಕು.

ಕೆಮ್ಮಣ್ಣು ಸಾರಿಸಿದ ಗೋಡೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಈ ಎಳೆ ನೋಡಿ, ಸ್ಕೇಲ್ ಇಟ್ಟಿಲ್ಲ, ಬರೀ ಕೈ!

ಹೊಗಳಿದರೆ ಅವ್ವ, "ಎಲ್ಲರೂ ಬರೀತಾರಲ್ಲ, ಇದರಲ್ಲೇನು" ಅಂತಾಳೆ. ಇಲ್ಲ ಅವ್ವ, ಎಲ್ಲರಿಗೂ ಬರೋದಿಲ್ಲ.

ಗೋಡೆ ಮತ್ತೆ ಸಾರಿಸಿದರೆ ಚಿತ್ತಾರ ಹೋಯಿತು. ಅದಕ್ಕೇ ಅವಳ ಒಪ್ಪಿಗೆ ಕೇಳಿ, ಹಗಲು ಬೆಳಕಲ್ಲಿ ಫೋಟೋ ತೆಗೆದೆ. ಪ್ರತಿ ಫೋಟೋ ಕೆಳಗೆ ಅವಳದೇ ಹೆಸರು.

ನಿಮ್ಮ ಮನೆಯಲ್ಲೂ ಇಂಥ ಕೈ ಇದ್ದರೆ ಹೆಸರು ಹಾಕಿ ತೋರಿಸಿ. ಬೆಲೆ ಕೇಳಿದವರಿಗೆ ಬಣ್ಣದ ಖರ್ಚಷ್ಟೇ ಅಲ್ಲ, ಬರೆದವರ ದುಡಿಮೆಯ ದಿನಗಳನ್ನೂ ಸೇರಿಸಿ ಹೇಳಿ.