ನಿವೃತ್ತಿಯ ನೆಲೆ: ಪರದೇಶವೋ, ಕಮಲಾಪುರವೋ?

ಸೇವೆಯಿಂದ ನಿವೃತ್ತರಾಗುವ ದಿನ ಸಮೀಪಿಸಿದಂತೆ ಪ್ರತಿ ಮನೆಯಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಬೇಕು? ಹಿಂದೆ ಇದಕ್ಕೆ ಎರಡೇ ಉತ್ತರಗಳಿದ್ದವು; ಹುಟ್ಟಿದ ಊರು, ಇಲ್ಲವೆ ಮಗನಿರುವ ಊರು. ಈಗ ಮೂರನೆಯದೊಂದು ಸೇರಿಕೊಂಡಿದೆ. ಥಾಯ್ಲೆಂಡ್, ಮಲೇಷ್ಯಾ ಮೊದಲಾದ ಉಷ್ಣದೇಶಗಳಲ್ಲಿ ಅಲ್ಪ ವೆಚ್ಚದಲ್ಲಿ ಸುಖವಾಗಿ ಬಾಳಬಹುದೆಂಬ ಮಾತು ಕಲಬುರಗಿಯ ಬಡಾವಣೆಗಳನ್ನೂ ಕಮಲಾಪುರದ ಕಟ್ಟೆಗಳನ್ನೂ ತಲುಪಿದೆ. ಇದ್ದ ಮನೆಯನ್ನು ಮಾರಿ ಹೋಗಬಹುದೇ ಎಂದು ನಮ್ಮನ್ನು ಕೇಳಿದವರೂ ಉಂಟು. ಆದ್ದರಿಂದ ಈ ವಿಷಯವನ್ನು ಲೆಕ್ಕವಿಟ್ಟು ವಿಚಾರಿಸುವುದು ಉಚಿತವೆಂದು ನಾವು ಬಗೆದೆವು.

ಈ ವಿಚಾರ ಮೊದಲು ಹುಟ್ಟಿದ್ದು ಚಳಿನಾಡಿನ ವೃದ್ಧರಲ್ಲಿ. ಅವರ ನಿವೃತ್ತಿ ವೇತನ ಬರುವುದು ಪೌಂಡು, ಯೂರೋ, ಡಾಲರುಗಳಲ್ಲಿ. ಅದು ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಬೆಲೆ ಹೆಚ್ಚಿಸಿಕೊಳ್ಳುತ್ತದೆ. ಜೊತೆಗೆ ಅವರು ಕಾಣದ ಬಿಸಿಲೂ ದೊರೆಯುತ್ತದೆ. ನಮ್ಮ ಸ್ಥಿತಿ ಬೇರೆ. ಕಮಲಾಪುರವೂ ಚಿಯಾಂಗ್ ಮಾಯ್ ನಗರವೂ ಉತ್ತರ ಅಕ್ಷಾಂಶ 17ರಿಂದ 19ರ ನಡುವೆಯೇ ಇವೆ. ಬಿಸಿಲನ್ನು ಹಣ ಕೊಟ್ಟು ಅರಸಬೇಕಾದ ಬಡತನ ನಮಗಿಲ್ಲ. ಇನ್ನು ನಮ್ಮ ರೂಪಾಯಿ ಅಲ್ಲಿ ಹಿಗ್ಗುವುದಿಲ್ಲ, ಕುಗ್ಗುತ್ತದೆ.

ಕರ್ನಾಟಕ ಸರ್ಕಾರ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ನಿವೃತ್ತಿ ವೇತನವನ್ನು 13,500 ರೂಪಾಯಿಗೆ ಏರಿಸಿತು. ಇದಕ್ಕಿಂತ ಎರಡು ಮೂರು ಪಟ್ಟು ಪಡೆಯುವ ಶಿಕ್ಷಕರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಥಾಯ್ಲೆಂಡಿನಲ್ಲಿ ನಿವೃತ್ತರಾಗಿ ನೆಲೆಸಲು 50 ವರ್ಷ ತುಂಬಿರಬೇಕು. ಅಲ್ಲಿಯ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಇರಬೇಕು, ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಒಂದು ಬಾತಿಗೆ ಎರಡೂವರೆ ರೂಪಾಯಿ ಎಂದು ಹಿಡಿದರೂ ಠೇವಣಿ 20 ಲಕ್ಷ, ಮಾಸಿಕ ವರಮಾನ 1,62,500 ರೂಪಾಯಿ ಆಗುತ್ತದೆ. ಮಲೇಷ್ಯಾ 2024ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ ಬೆಳ್ಳಿ ಶ್ರೇಣಿಗೂ 1,50,000 ಡಾಲರ್ ಠೇವಣಿ ಕೇಳುತ್ತದೆ. ಡಾಲರಿಗೆ 85 ರೂಪಾಯಿಯಂತೆ ಅದು ಒಂದೂಕಾಲು ಕೋಟಿಗೂ ಮಿಕ್ಕುತ್ತದೆ. ಅದರ ಮೇಲೆ ಅಲ್ಲಿ ಮನೆಯನ್ನೂ ಕೊಳ್ಳಬೇಕು. ಅಲ್ಪ ವೆಚ್ಚವೆಂಬುದು ಒಳಗೆ ಹೋದ ಮೇಲಿನ ಮಾತು. ಬಾಗಿಲಿನ ಸುಂಕವೇ ನಮ್ಮ ಕೈಗೆ ಎಟುಕದು.

ಎಟುಕಿತೆಂದೇ ಇಟ್ಟುಕೊಳ್ಳೋಣ. ಥಾಯ್ಲೆಂಡಿನಲ್ಲಿ ಪರದೇಶೀಯರು ಭೂಮಿಯ ಒಡೆಯರಾಗುವಂತಿಲ್ಲ. ಅನುಮತಿಯನ್ನು ವರ್ಷ ವರ್ಷವೂ ನವೀಕರಿಸಬೇಕು, 90 ದಿನಗಳಿಗೊಮ್ಮೆ ತಮ್ಮ ವಿಳಾಸವನ್ನು ಅಧಿಕಾರಿಗಳಿಗೆ ತಿಳಿಸಬೇಕು. ಇತ್ತ ಊರಿನಲ್ಲಿ ನಮ್ಮ ಸಾಮಾನ್ಯ ಉಳಿತಾಯ ಖಾತೆ ಅನಿವಾಸಿ ಖಾತೆಯಾಗಿ ಬದಲಾಗಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಹೊಸ ಖಾತೆ ತೆರೆಯುವಂತಿಲ್ಲ. ಜೀವಿತ ಪ್ರಮಾಣಪತ್ರವನ್ನು ಪ್ರತಿ ವರ್ಷ ತಪ್ಪದೆ ಸಲ್ಲಿಸಬೇಕು. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ಈ ಕೆಲಸವನ್ನು ಹಗುರಗೊಳಿಸಿದೆಯಾದರೂ ಹೊಣೆ ತಪ್ಪಿಲ್ಲ. ಇಲ್ಲಿ ಕಂತು ಕಟ್ಟಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದ ಆಸ್ಪತ್ರೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಈ ಎಲ್ಲಕ್ಕಿಂತ ಗುರುತರವಾದ ಮಾತೊಂದಿದೆ. ಮನೆಯ ಹಿರಿಯರು ಇದನ್ನು ಕಿವಿಗೊಟ್ಟು ಕೇಳಬೇಕು. ಪತಿಯ ಅನುಮತಿಯನ್ನು ಆಶ್ರಯಿಸಿ ಪರದೇಶದಲ್ಲಿ ನೆಲೆಸಿದ ಪತ್ನಿಯ ಗತಿ, ಪತಿ ಲಿಂಗೈಕ್ಯರಾದ ಮರುದಿನ ಏನು? ತನ್ನ ಹೆಸರಿನಲ್ಲಿ ಬೇರೆ ಅನುಮತಿ ಪಡೆಯಬೇಕು. ತಿಳಿಯದ ಭಾಷೆಯಲ್ಲಿ ಮರಣಪತ್ರ ಪಡೆದು, ಊರಿಗೆ ಕಳುಹಿಸಿ, ಕುಟುಂಬ ನಿವೃತ್ತಿ ವೇತನಕ್ಕಾಗಿ ಕಾಯಬೇಕು. ಮನೆ ಮಾರಿ ಹೋದವಳಿಗೆ ಮರಳಲು ಸೂರಿಲ್ಲ. ಇಬ್ಬರ ಸುಖಕ್ಕೆಂದು ಕಟ್ಟಿದ ಲೆಕ್ಕ ಒಬ್ಬಳ ದುಃಖಕ್ಕೆ ಒದಗದಿದ್ದರೆ ಅದು ಲೆಕ್ಕವೇ ಅಲ್ಲ.

ಕಮಲಾಪುರದಲ್ಲಿ ಕೊರತೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ತಜ್ಞ ವೈದ್ಯರಿಗಾಗಿ ಸುಮಾರು 35 ಕಿಲೋಮೀಟರ್ ದೂರದ ಕಲಬುರಗಿಗೆ ಹೋಗಬೇಕು. ಆದರೆ 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆಯಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಕಟ್ಟಡ ಉದ್ಘಾಟನೆಗೊಂಡಿತು. ಹೃದಯದ ಬೇನೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಾಗಿದ್ದ ಕುಟುಂಬಗಳಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಸಂಗತಿ. ಥಾಯ್ಲೆಂಡಿನ ನಿವೃತ್ತರ ಅನುಮತಿಯಲ್ಲಿ ಯಾವ ಉದ್ಯೋಗವನ್ನೂ ಮಾಡಕೂಡದೆಂಬ ನಿಯಮವಿದೆ. ಕಾಯಕದಿಂದ ಸರ್ಕಾರ ನಮ್ಮನ್ನು ನಿವೃತ್ತಗೊಳಿಸಲಾರದೆಂದು ನಂಬಿದ ಮನೆಗಳು ನಮ್ಮವು. ಇಲ್ಲಿ ನಿವೃತ್ತ ಶಿಕ್ಷಕರು ಸಂಜೆ ಹತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡಬಹುದು. ಭೌಗೋಳಿಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯ ನಾಲ್ಕು ಸಾಲು ನೋಡಿಕೊಳ್ಳಬಹುದು. ಬೇಕಾದವರಾಗಿ ಬಾಳುವುದು ವೃದ್ಧಾಪ್ಯಕ್ಕೆ ಔಷಧಿಯಿದ್ದಂತೆ.

ಹಾಗೆಂದು ಪರದೇಶ ನೋಡಬಾರದೆಂದಲ್ಲ. ಮಕ್ಕಳು ಕರೆದರೆ ಹೋಗಿ ಬನ್ನಿ. ಕೆಲವು ತಿಂಗಳು ಅತಿಥಿಗಳಾಗಿದ್ದು ಬನ್ನಿ. ಹೊರಡುವ ಮುನ್ನ ಪ್ರವಾಸ ವಿಮೆ ಮಾಡಿಸಿರಿ, ಬ್ಯಾಂಕ್ ಖಾತೆಯಲ್ಲಿ ಪತ್ನಿಯ ಹೆಸರನ್ನು ಕೂಡಿಸಿರಿ, ಕುಟುಂಬ ನಿವೃತ್ತಿ ವೇತನದ ಕಾಗದಪತ್ರಗಳಲ್ಲಿ ಅವರ ಹೆಸರು, ಜನ್ಮದಿನಾಂಕ ಸರಿಯಾಗಿವೆಯೇ ನೋಡಿರಿ. ಸಾಕಷ್ಟು ಅನುಕೂಲವಿದ್ದು ಅಲ್ಲಿಯೇ ನೆಲೆಸಬಯಸುವವರು ಮೊದಲು ಒಂದು ವರ್ಷ ಬಾಡಿಗೆಯ ಮನೆಯಲ್ಲಿ ಇದ್ದು ನೋಡಲಿ. ಊರ ಮನೆಯನ್ನು ಮಾತ್ರ ಯಾರೂ ಮಾರದಿರಲಿ. ಆ ಮನೆಯ ಬೀಗದ ಕೈ ಮನೆಯೊಡತಿಯ ಬಳಿಯೇ ಇರಲಿ.