ಬೀದರ್ ಸೀಮೆಯಲ್ಲಿ ನಗಿಸೋದು ಎಲ್ಲಿಂದ ಶುರು?

ಪ್ರಶ್ನೆ: ಗೆಳೆಯರು ಸೇರಿ ಕಿರು ಹಾಸ್ಯ ಪ್ರಹಸನ ಆಡಬೇಕೆಂದಿದ್ದೇವೆ. ಹೇಗೆ ಆರಂಭಿಸುವುದು?
– ಓದುಗ, ಭಾಲ್ಕಿ

ಉತ್ತರ: ಮೊದಲು ಟಿವಿಯವರ ಭಾಷೆ ಬಿಡಿ. ಟಿ.ಪಿ. ಕೈಲಾಸಂ (1884–1946) ಪ್ರಹಸನಗಳಿಗೆ ರುಚಿ ಬಂದದ್ದೇ ಅಂದಿನ ಮೈಸೂರು ಸೀಮೆಯ ಮನೆಗಳ ಇಂಗ್ಲಿಷ್ ಬೆರೆತ ಕನ್ನಡದಿಂದ. ನಿಮ್ಮಲ್ಲಂತೂ ಕನ್ನಡ, ಮರಾಠಿ, ದಖನಿ ಉರ್ದು ಒಂದೇ ಮಾತಿನಲ್ಲಿ ಸುಳಿಯುತ್ತವೆ. ಔರಾದ್ ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದವನ ಜಗಳವೊಂದೇ ಸಾಕು! ಮೂರು ಪಾತ್ರ, ಐದು ನಿಮಿಷ, ಒಂದೇ ತಕರಾರು. ಅದು ಮಾತುಮಾತಿಗೂ ಬಿಗಡಾಯಿಸಬೇಕು. ಬರೆದುಕೊಂಡು ತಾಲೀಮು ಮಾಡಿ. ಜನ ನಗುವಾಗ ಮುಂದಿನ ಮಾತು ಆಡಬೇಡಿ, ಹೊಸಬರು ಎಡವುವುದೇ ಅಲ್ಲಿ. ಜಾತಿ, ಮೈಕಟ್ಟು ಆಡಿಕೊಂಡು ನಗಿಸುವುದು ಸೋಮಾರಿ ಕೆಲಸ. ಗಣೇಶೋತ್ಸವದ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೈ ಪಳಗಲಿ. ಬೀದರ್‌ನ ಚನ್ನಬಸವ ಪಟ್ಟದ್ದೇವರು ರಂಗಮಂದಿರಕ್ಕೆ ಆಮೇಲೆ ಹೋಗಿ.