ಯಾರಿಗೂ ಹೇಳಬೇಡಿ ಎನ್ನುವವರ ವ್ಯಾಪಾರ

ಕೊಳ್ಳೇಗಾಲದ ಹೆಸರು ರಾಜ್ಯದ ಎಷ್ಟೋ ಊರುಗಳ ಬಸ್ ನಿಲ್ದಾಣದ ಗೋಡೆಗಳ ಮೇಲಿದೆ. ಅದು ಇಲ್ಲಿನ ರೇಷ್ಮೆಯಿಂದ ಬಂದ ಕೀರ್ತಿಯಾಗಿದ್ದರೆ ಚೆನ್ನಿತ್ತು. ಗೋಡೆಯ ಮೇಲಿರುವುದು ‘ಕೊಳ್ಳೇಗಾಲದ ಪ್ರಸಿದ್ಧ ಮಾಂತ್ರಿಕರು’. ಪ್ರೇಮ ವೈಫಲ್ಯ, ಗಂಡ-ಹೆಂಡತಿ ಕಲಹ, ಸಾಲಬಾಧೆ, ಸ್ತ್ರೀ-ಪುರುಷ ವಶೀಕರಣ, ಎಲ್ಲಕ್ಕೂ ಫೋನಿನಲ್ಲೇ ಪರಿಹಾರ. ಆ ಬೋರ್ಡು ಹಾಕಿಕೊಂಡವರೆಲ್ಲ ಈ ಊರಿನ ಮಣ್ಣು ಮೆಟ್ಟಿದವರು ಎಂದೇನೂ ಇಲ್ಲ. ಹೊರಗೆ ಹೋದ ಕೊಳ್ಳೇಗಾಲದವರು ‘ಮಾಟಗೀಟ ಮಾಡಿಬಿಟ್ಟೀರಿ’ ಎಂಬ ಹಳಸಲು ತಮಾಷೆ ಕೇಳಿಸಿಕೊಳ್ಳುವುದು ಮಾತ್ರ ತಪ್ಪುವುದಿಲ್ಲ.

ಆ ಜಾಹೀರಾತುಗಳ ವ್ಯವಹಾರ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲು ಸಣ್ಣ ದಕ್ಷಿಣೆ. ಎರಡು ದಿನ ಬಿಟ್ಟು ‘ದೋಷ ಎಣಿಸಿದ್ದಕ್ಕಿಂತ ಗಟ್ಟಿಯಾಗಿದೆ’ ಎಂಬ ಕರೆ, ಇನ್ನೊಂದು ಪೂಜೆ, ಇನ್ನಷ್ಟು ಹಣ. ಅರ್ಧಕ್ಕೆ ಬಿಟ್ಟರೆ ನಿಮಗೇ ತಿರುಗಿಕೊಳ್ಳುತ್ತದೆ ಎಂಬ ಹೆದರಿಕೆ. ಎಲ್ಲಕ್ಕೂ ಮೇಲೆ, ಯಾರಿಗೂ ಹೇಳಬೇಡಿ, ಹೇಳಿದರೆ ಫಲ ಹೋಯಿತು. ಹಣ ಕಳೆದುಕೊಂಡವನು ಠಾಣೆಗೆ ಹೋಗಿ, ಹುಡುಗಿಯನ್ನು ವಶ ಮಾಡಿಕೊಳ್ಳಲು ಕೊಟ್ಟ ದುಡ್ಡು ಹೋಯಿತು ಸಾರ್ ಎಂದು ಬರೆದುಕೊಡುವುದುಂಟೆ?

ಆನ್‌ಲೈನ್ ಹೂಡಿಕೆ ಮತ್ತು ಪ್ರೀತಿಯ ಹೆಸರಿನ ಮೋಸಗಳಲ್ಲೂ ಇದೇ ಮೆಟ್ಟಿಲುಗಳಿವೆ, ಇದೇ ಕ್ರಮದಲ್ಲಿ. ಮಂತ್ರದ ಜಾಗಕ್ಕೆ ಆ್ಯಪ್ ಬಂದಿದೆ, ದಕ್ಷಿಣೆಯ ಜಾಗಕ್ಕೆ ಯುಪಿಐ. ವ್ಯಾಪಾರದ ಗಾತ್ರ ಮಾತ್ರ ಊಹೆಗೆ ಮೀರಿ ಬೆಳೆದಿದೆ. ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ ಸೈಬರ್ ವಂಚಕರ ಪಾಲಾದ ಹಣ 2023ರಲ್ಲಿ 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದು ದೂರು ಕೊಟ್ಟವರ ಲೆಕ್ಕ. ಬಾಯಿ ಬಿಡದವರದು ಬೇರೆ.

ಷೇರು ಗುಂಪಿನ ಆಟ ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಂದು ಜಾಹೀರಾತಿನಿಂದ ಶುರುವಾಗುತ್ತದೆ. ಹೆಸರಾಂತ ಉದ್ಯಮಿಯದ್ದೋ ಮಂತ್ರಿಯದ್ದೋ ಮುಖ, ಕೆಲವೊಮ್ಮೆ ಕೃತಕ ಬುದ್ಧಿಮತ್ತೆಯಿಂದ ಕೂರಿಸಿದ ಅವರದೇ ದನಿ. ಒತ್ತಿದರೆ ವಾಟ್ಸ್‌ಆ್ಯಪ್ ಗುಂಪು. ಅಲ್ಲಿ ಒಬ್ಬ ‘ಪ್ರೊಫೆಸರ್’, ಆತನಿಗೊಬ್ಬಳು ಸಹಾಯಕಿ, ನೂರಾರು ಸದಸ್ಯರು. ಬೆಳಿಗ್ಗೆ ಪಾಠ, ಮಧ್ಯಾಹ್ನ ಯಾವ ಷೇರು ಕೊಳ್ಳಬೇಕೆಂಬ ಸಲಹೆ, ಸಂಜೆಗೆ ಲಾಭದ ಸ್ಕ್ರೀನ್‌ಶಾಟುಗಳ ಮಳೆ. ಮಗಳ ಮದುವೆ ಖರ್ಚು ಹುಟ್ಟಿತು, ಥ್ಯಾಂಕ್ಯೂ ಸರ್ ಎಂದು ಕೈಮುಗಿಯುವ ನಂಬರುಗಳಲ್ಲಿ ಬಹುಪಾಲನ್ನು ನಡೆಸುವವರು ಮೋಸಗಾರರೇ. ಅಷ್ಟು ದೊಡ್ಡ ಗುಂಪಿನಲ್ಲಿ ನಿಜವಾದ ಗಿರಾಕಿ ನೀವೊಬ್ಬರೇ ಇದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಒಂದು ಲಿಂಕ್ ಬರುತ್ತದೆ, ಅದರಿಂದ ಒಂದು ಆ್ಯಪ್. ಐದು ಸಾವಿರ ಹಾಕಿದರೆ ವಾರದಲ್ಲಿ ಪರದೆಯ ಮೇಲೆ ಆರೂವರೆ ಸಾವಿರ. ಅನುಮಾನದಿಂದ ಒಂದು ಸಾವಿರ ವಾಪಸ್ ಕೇಳಿ ನೋಡಿದರೆ ಅದು ನಿಜಕ್ಕೂ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ‘ಕಾಸು ಬಂದದಲ್ಲ ಕನಣ್ಣ, ಇನ್ಯಾಕ ಅನುಮಾನ?’ ಎಂಬ ಮಾತು ಹುಟ್ಟುವುದು ಇಲ್ಲೇ. ನನ್ನನ್ನು ಕೇಳಿದರೆ ಎಚ್ಚರಿಕೆಯ ಅತಿ ದೊಡ್ಡ ಗುರುತು ಈ ಒಂದು ಸಾವಿರವೇ. ನಷ್ಟವಾದಾಗ ಎಲ್ಲರೂ ಎಚ್ಚರವಾಗುತ್ತಾರೆ. ವಂಚಕ ಖರ್ಚು ಮಾಡಿ ಕೊಳ್ಳುವುದು, ಲಾಭ ಬಂದಾಗ ಮಲಗುವ ನಮ್ಮ ಎಚ್ಚರವನ್ನು. ಟೆಲಿಗ್ರಾಮಿನಲ್ಲಿ ಹೋಟೆಲಿಗೆ ಐದು ನಕ್ಷತ್ರ ಕೊಟ್ಟರೆ 50 ರೂಪಾಯಿ, ವಿಡಿಯೊ ಲೈಕ್ ಮಾಡಿದರೆ 50 ರೂಪಾಯಿ ಎನ್ನುವ ‘ಮನೆಯಲ್ಲೇ ಕೆಲಸ’ವೂ ಈ ಜಾತಿಯದೇ. ಮೊದಲ ದಿನದ ನೂರಿನ್ನೂರು ರೂಪಾಯಿ ತಪ್ಪದೆ ಬರುತ್ತದೆ. ಮೂರನೆಯ ದಿನ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಿಮ್ಮಿಂದಲೇ ಹಣ ಕೇಳುತ್ತಾರೆ.

ದೊಡ್ಡ ಮೊತ್ತ ಬೀಳಿಸಲು ಅವರಲ್ಲಿ ಐಪಿಒ, ಅಂದರೆ ಕಂಪನಿಯೊಂದು ಮೊದಲ ಬಾರಿಗೆ ಜನರಿಗೆ ಷೇರು ಮಾರುವುದು, ಎಂಬ ಉಪಾಯವಿದೆ. ನೀವು ಕೇಳಿದ್ದಕ್ಕಿಂತ ಹತ್ತು ಪಟ್ಟು ಷೇರು ನಿಮ್ಮ ಹೆಸರಿಗೆ ಬಂದಿದೆ, ಬಾಕಿ ನಾಲ್ಕು ಲಕ್ಷ ತುಂಬಿ, ತುಂಬದಿದ್ದರೆ ಖಾತೆ ಜಪ್ತಿ ಎನ್ನುತ್ತಾರೆ. ಅಸಲಿ ಐಪಿಒದಲ್ಲಿ ಹೀಗಾಗಲು ದಾರಿಯೇ ಇಲ್ಲ. ಅರ್ಜಿ ಹಾಕಿದಷ್ಟು ಹಣ ನಿಮ್ಮದೇ ಬ್ಯಾಂಕ್ ಖಾತೆಯಲ್ಲಿ ತಡೆಹಿಡಿದಿರುತ್ತದೆ, ಷೇರು ಸಿಕ್ಕಷ್ಟಕ್ಕೆ ಕಡಿತ, ಉಳಿದದ್ದು ಬಿಡುಗಡೆ. ಕೇಳಿದ್ದಕ್ಕಿಂತ ಒಂದು ಷೇರೂ ಹೆಚ್ಚು ಬರುವುದಿಲ್ಲ. ಕೊನೆಯ ಮೆಟ್ಟಿಲು ತೆರಿಗೆ: ಪರದೆಯ ಮೇಲಿನ ಮೂವತ್ತು ಲಕ್ಷ ಕೈಗೆ ಬರಬೇಕಾದರೆ ಮೊದಲು ಅದರ ಶೇ 20 ಕಟ್ಟಬೇಕಂತೆ. ಷೇರಿನ ಲಾಭಕ್ಕೆ ತೆರಿಗೆಯೇನೋ ಇದೆ. ಅದನ್ನು ಪ್ಯಾನ್ ನಂಬರಿನ ಮೇಲೆ ಆದಾಯ ತೆರಿಗೆ ಇಲಾಖೆಗೆ ನಾವೇ ಕಟ್ಟುತ್ತೇವೆ, ಆ್ಯಪಿನ ಸಹಾಯಕಿ ಹೇಳಿದ ಖಾತೆಗಲ್ಲ.

ಆ ಖಾತೆಗಳನ್ನಾದರೂ ನೋಡಬೇಕು. ಇವತ್ತು ಯಾವುದೋ ರಾಜ್ಯದ ಟ್ರೇಡರ್ಸ್ ಹೆಸರಿಗೆ, ನಾಳೆ ಇನ್ನಾವುದೋ ಬಟ್ಟೆ ಅಂಗಡಿಯ ಹೆಸರಿಗೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರುಗಳಿಗೂ ಮ್ಯೂಚುವಲ್ ಫಂಡ್‌ಗಳಿಗೂ ‘ವ್ಯಾಲಿಡ್’ ಎಂಬ ಪದ ಸೇರಿದ ಪ್ರತ್ಯೇಕ ಯುಪಿಐ ವಿಳಾಸ ಕೊಡುತ್ತಿದೆ. ಹಣ ಹಾಕುವಾಗ ಹಸಿರು ತ್ರಿಕೋನದೊಳಗೆ ಬಿಳಿ ಹೆಬ್ಬೆಟ್ಟು ಕಾಣಬೇಕು. ಖಾತೆ ಸಂಖ್ಯೆ ಅಸಲಿಯೋ ನಕಲಿಯೋ ನೋಡಲು ‘ಸೆಬಿ ಚೆಕ್’ ಇದೆ. ಎರಡು ನಿಮಿಷದ ಕೆಲಸ. ಹಣ ಕಳಿಸಿಯಾದ ಮೇಲೆ ಅದರ ಹೆಸರು ಕೇಳುವವರೇ ಹೆಚ್ಚು.

ಹೀಗೆ ಮೋಸ ಹೋಗುವ ಕೊಳ್ಳೇಗಾಲ ವ್ಯಾಪಾರ ಗೊತ್ತಿಲ್ಲದ ಊರೇನಲ್ಲ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಇಲ್ಲಿನ ರೈತ ಗೂಡನ್ನು ಸರ್ಕಾರಿ ಮಾರುಕಟ್ಟೆಗೆ ತಂದು ಸುರಿಯುತ್ತಾನೆ. ನೂಲು ತೆಗೆಯುವ ರೀಲರುಗಳು ಗೂಡು ಹಿಸುಕಿ ನೋಡಿ ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ, ತೂಕ ಕಣ್ಣೆದುರೇ ಆಗುತ್ತದೆ, ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಕೊಡುವುದಿಲ್ಲ ಎನ್ನಬಹುದು. ಮನೆಬಾಗಿಲಿಗೆ ಬಂದ ದಲ್ಲಾಳಿಗೆ ಗುಟ್ಟಾಗಿ ಮಾರಿ ಮೋಸ ಹೋಗಬಾರದೆಂದೇ 1959ರ ಕಾಯ್ದೆ ಗೂಡಿನ ವ್ಯಾಪಾರವನ್ನು ಮಾರುಕಟ್ಟೆಯ ಅಂಗಳಕ್ಕೆ ತಂದದ್ದು. ಕಿಲೋ ಗೂಡಿಗೆ ಹತ್ತು ರೂಪಾಯಿ ಕಡಿಮೆಯಾದರೆ ಜಗಳ ತೆಗೆಯುವ ಮನುಷ್ಯನೇ ರಾತ್ರಿ ಹೊದಿಕೆಯೊಳಗೆ ಫೋನು ಹಿಡಿದು ಗುರುತಿಲ್ಲದ ಖಾತೆಗೆ ಎರಡು ಲಕ್ಷ ಹಾಕುತ್ತಾನೆ. ಅವನ ಬುದ್ಧಿ ಕೆಟ್ಟದ್ದಲ್ಲ. ಪಕ್ಕದಲ್ಲಿ ನಿಂತು ‘ಏನ್ಲಾ ಇದು’ ಎನ್ನುವ ಜನ ಅಲ್ಲಿರುವುದಿಲ್ಲ, ಅಷ್ಟೆ.

ಬಯಲಲ್ಲಿ ನಡೆದದ್ದಕ್ಕೆಲ್ಲ ಮೋಸದ ಭಯವಿಲ್ಲ ಎಂದೇನೂ ನಾನು ಹೇಳುತ್ತಿಲ್ಲ. ಹನೂರು ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಎಮು ಹಕ್ಕಿಯ ಕಂಪನಿಯೊಂದಿತ್ತು. ಮರಿ ತೆಗೆದುಕೊಂಡು ಸಾಕಿ, ತಿಂಗಳು ತಿಂಗಳು ಹಣ ಕೊಡುತ್ತೇವೆ, ವರ್ಷಕ್ಕೊಮ್ಮೆ ಬೋನಸ್ಸೂ ಉಂಟು ಎಂದಿತು. ಸಿನಿಮಾ ನಟರು ಟಿವಿಯಲ್ಲಿ ಬಂದು ಹೇಳಿದರು. 2012ರ ಆಗಸ್ಟ್‌ನಲ್ಲಿ ಅದು ಕುಸಿದು, ಮೇವಿಲ್ಲದ ಹಕ್ಕಿಗಳನ್ನು ಸರ್ಕಾರ ನೋಡಿಕೊಳ್ಳಬೇಕಾಯಿತು. ಮಾಲೀಕನಿಗೆ ಕೊಯಮತ್ತೂರಿನ ವಿಶೇಷ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು. ಅಲ್ಲಿಯೂ ಮೊದಮೊದಲು ತಿಂಗಳ ಹಣ ಸರಿಯಾಗಿ ಬಂದಿತ್ತು. ಆದರೆ ಅಂಗಳದಲ್ಲಿ ಹಕ್ಕಿಯಿತ್ತು, ಕಂಪನಿಗೊಂದು ಗೇಟಿತ್ತು, ಹಣ ಹೋದವರು ಸಾವಿರಾರು ಜನ ಒಟ್ಟಿಗೆ ಆ ಗೇಟಿನ ಮುಂದೆ ಕೂಗಾಡಬಹುದಿತ್ತು. ಈಗ ಮೋಸ ಹೋದವನಿಗೆ ತನ್ನ ಬೀದಿಯಲ್ಲೇ ಇನ್ನೊಬ್ಬನೂ ಹಾಗೇ ಹೋಗಿದ್ದಾನೆಂದು ತಿಳಿಯುವುದಿಲ್ಲ.

ಪ್ರೀತಿಯ ಹೆಸರಿನದು ಇನ್ನೂ ಒಂಟಿತನದ ವ್ಯವಹಾರ. 2023ರ ಫೆಬ್ರುವರಿಯಲ್ಲಿ ಮೂವತ್ತು ದಾಟಿದ ಅವಿವಾಹಿತರು ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ನಡೆದು ಬಂದರು. ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ನಕ್ಕವರು ಬಹಳ. ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಹಳೇ ಮೈಸೂರು ಭಾಗದ ಮನೆಮನೆಯ ಮಾತು, ಕೊಳ್ಳೇಗಾಲ, ಹನೂರು, ಯಳಂದೂರು ಅದಕ್ಕೆ ಹೊರತಲ್ಲ. ಅಂಥವನ ಫೋನಿಗೆ ಒಂದು ರಾತ್ರಿ ‘ಸಾರಿ, ರಾಂಗ್ ನಂಬರ್’ ಎಂದು ಮಾತು ಶುರುವಾದರೆ, ಮರುದಿನ ಊಟ ಆಯಿತೇ ಎಂದು ಕೇಳಿದರೆ, ಅವನು ಉತ್ತರ ಕೊಡದೆ ಇರಬೇಕೆಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ. ವರ ಹುಡುಕುವ ವಿಧವೆಗೂ, ವಿದೇಶದ ಡಾಕ್ಟರ್ ಎಂದು ಹೇಳಿಕೊಂಡವನ ಮಾತು ನಂಬಿದ ಟೀಚರಿಗೂ ಇದೇ ಅನ್ವಯ.

ಹಾಗಾಗಿ ಮಾತಾಡಬೇಡಿ ಎನ್ನುವುದಕ್ಕಿಂತ ಮಾತು ಯಾವ ಕಡೆ ಹೊರಳುತ್ತಿದೆ ನೋಡಿ ಎನ್ನಬಹುದು. ಮ್ಯಾಟ್ರಿಮೊನಿ ಸೈಟಿನಲ್ಲಿ ಸಿಕ್ಕವರು ಎರಡೇ ದಿನದಲ್ಲಿ ವಾಟ್ಸ್‌ಆ್ಯಪಿಗೋ ಟೆಲಿಗ್ರಾಮಿಗೋ ಕರೆದೊಯ್ಯುತ್ತಾರೆ. ಭೇಟಿಯ ದಿನ ಗೊತ್ತಾದಾಗಲೆಲ್ಲ ಯಾರಿಗೋ ಆಸ್ಪತ್ರೆ. ಮೊದಲ ಕೆಲವು ವಾರ ಹಣದ ಸುದ್ದಿಯೇ ಇರುವುದಿಲ್ಲ, ನಂಬಿಕೆ ಗಟ್ಟಿಯಾಗುವುದು ಅದರಿಂದಲೇ. ನಂತರ ಕಳಿಸಿದ ಉಡುಗೊರೆ ದೆಹಲಿಯ ಕಸ್ಟಮ್ಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಅವರ ಚಿಕ್ಕಪ್ಪ ಕ್ರಿಪ್ಟೊ ಪಂಡಿತನಾಗಿರುತ್ತಾನೆ, ‘ನಮ್ಮ ಮದುವೆ ಖರ್ಚಿಗೆ ನೀನೂ ಸ್ವಲ್ಪ ಹಾಕು, ನಾನೇ ಹೇಳಿಕೊಡುತ್ತೇನೆ’. ಅಲ್ಲಿಂದ ದಾರಿ ನೇರ ಮೇಲೆ ಹೇಳಿದ ಆ್ಯಪಿಗೆ. ‘ಮನೆಯಲ್ಲಿ ಈಗಲೇ ಹೇಳಬೇಡ’ ಎಂಬುದು ಎಲ್ಲೋ ನಡುವೆ ಸೇರಿಕೊಂಡಿರುತ್ತದೆ.

ಆ ಸಿಹಿ ಮಾತು ಬರೆಯುವ ಕೈ ಯಾರದೆಂಬುದೂ ತಿಳಿದಿರಲಿ. ಕೆಲಸ ಕೊಡಿಸುವುದಾಗಿ ಕರೆದೊಯ್ದು ಮ್ಯಾನ್ಮಾರಿನ ಮ್ಯಾವಾಡಿಯ ಸುತ್ತಿನ ಕೇಂದ್ರಗಳಲ್ಲಿ ಕೂಡಿಹಾಕಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ವಾಪಸ್ ಕರೆತಂದವು. ಕಾಂಬೋಡಿಯಾದಲ್ಲೂ ಇಂಥ ಕೇಂದ್ರಗಳಿವೆ. ದಿನಕ್ಕಿಷ್ಟು ಜನರನ್ನು ಬೀಳಿಸಬೇಕೆಂಬ ಗುರಿ, ತಪ್ಪಿದರೆ ಹೊಡೆತ. ವಿದೇಶದಲ್ಲಿ ‘ಡೇಟಾ ಎಂಟ್ರಿ’ ಕೆಲಸವಿದೆ, ಟಿಕೆಟ್ಟೂ ನಾವೇ ಕೊಡುತ್ತೇವೆ ಎಂದು ಬರುವ ಏಜೆಂಟನ ಬಗ್ಗೆ ಡಿಪ್ಲೊಮಾ ಮುಗಿಸಿದ ಹುಡುಗರ ಅಪ್ಪ-ಅಮ್ಮಂದಿರಿಗೆ ಇದಿಷ್ಟು ಗೊತ್ತಿದ್ದರೆ ಒಳ್ಳೆಯದು.

ವಿಡಿಯೊ ಕರೆಯಲ್ಲಿ ಬೆತ್ತಲೆ ಹೆಣ್ಣು ಕಾಣಿಸಿಕೊಂಡು, ಆ ಕ್ಷಣ ರೆಕಾರ್ಡ್ ಆಗಿ, ಮರುದಿನ ‘ಸಿಬಿಐ ಅಧಿಕಾರಿ’ ಫೋನ್ ಮಾಡುವ ಬ್ಲ್ಯಾಕ್‌ಮೇಲ್ ಬಗ್ಗೆ ಒಂದೇ ಮಾತು ಸಾಕು. ಒಮ್ಮೆ ಹಣ ಕೊಟ್ಟವನ ಬಳಿಗೇ ಅವರು ಮತ್ತೆ ಬರುತ್ತಾರೆ. ಕೊಡದೆ, ನಂಬರ್ ಬ್ಲಾಕ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಬೇಕು.

ಹಣ ಹೋಗಿದೆ ಎಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಗೊತ್ತಾದದ್ದು ರಾತ್ರಿ ಹನ್ನೆರಡಕ್ಕಾದರೂ ಆಗಲೇ. ಕಳಿಸಿದ ಹಣ ಒಂದು ಖಾತೆಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಚದುರುತ್ತದೆ. ಚದುರುವ ಮೊದಲು ತಡೆದರಷ್ಟೇ ಆಸೆ. ಬ್ಯಾಂಕಿಗೂ ತಿಳಿಸಬೇಕು. ಜಿಲ್ಲೆಯ ಸೈಬರ್ ಠಾಣೆ ಇರುವುದು ಚಾಮರಾಜನಗರದಲ್ಲಿ. ಹನೂರಿನವರು ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ ದಾಟಿ ಹೋಗಬೇಕು. ಆ ಬಸ್ಸಿಗೆ ಕಾಯುವ ಮೊದಲು ಫೋನ್ ಮಾಡಿರಬೇಕು, ಹತ್ತಿರದ ಯಾವ ಠಾಣೆಯಲ್ಲೂ ದೂರು ಕೊಡಬಹುದು. ಅದಾಗಿ ಕೆಲವು ದಿನಕ್ಕೆ ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೀಸು ಇಷ್ಟು’ ಎಂದು ‘ವಕೀಲ’ನೊಬ್ಬ ಫೋನ್ ಮಾಡಿದರೆ, ನಿಮ್ಮ ನಂಬರನ್ನು ಅವನಿಗೆ ಮಾರಿದವನು ಮೊದಲ ಮೋಸಗಾರನೇ ಇರಬಹುದು.

ಇನ್ನೊಂದು ಬಗೆಯ ಸಿಕ್ಕು ಕಾಲೇಜು ಹುಡುಗರದ್ದು. ಆ ಹತ್ತು, ನೂರು ಖಾತೆಗಳು ಆಕಾಶದಿಂದ ಬೀಳುವುದಿಲ್ಲ. ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಸಾವಿರ ಕೊಡುತ್ತೇನೆ ಎಂದು ಪರಿಚಯದವನೊಬ್ಬ ಕೇಳುತ್ತಾನೆ. ಕೊಟ್ಟ ಹುಡುಗ ಯಾರಿಗೂ ಮೋಸ ಮಾಡಿರುವುದಿಲ್ಲ, ಆದರೆ ಮೋಸದ ಹಣ ಅವನ ಹೆಸರಿನ ಮೂಲಕವೇ ಹರಿದಿರುತ್ತದೆ. ನೋಟಿಸು ಬರುವುದು ಅವನಿಗೆ. ಖಾತೆ ಸ್ಥಗಿತವಾಗಿ ವಿದ್ಯಾರ್ಥಿವೇತನವೂ ಅಲ್ಲೇ ನಿಂತಾಗ ಬ್ಯಾಂಕ್ ಮ್ಯಾನೇಜರ್ ತೋರಿಸುವುದು ಬೇರೆ ರಾಜ್ಯದ ಯಾವುದೋ ಠಾಣೆಯ ಪತ್ರವನ್ನು. ತೆರವು ಮಾಡಿಸಲು ಆ ಠಾಣೆಗೇ ಬರೆಯಬೇಕು, ಅವರು ಕರೆದರೆ ಹೋಗಬೇಕು, ಖಾತೆಯನ್ನು ಯಾರಿಗೆ ಕೊಟ್ಟೆ ಎಂಬುದಕ್ಕೆ ಉತ್ತರ ಹೇಳಬೇಕು.